ಮಸಿ ಬಳಿಯುವ ಮೊದಲು ಕಲಂ ಓದಿ!

(ನಲ್ಲೂರಿನ ರಾಜ್ಯೋತ್ಸವ ಸಭೆಯಲ್ಲಿ ಊರಿನ ಅಚ್ಚುಕೂಟದ ಮಾಲೀಕರೊಬ್ಬರು ಆಡಿದ ಮಾತುಗಳು. ಸಭೆಗೆ ಬರಲಾಗದ ಓದುಗರಿಗಾಗಿ ಅವರೇ ಬರೆದುಕೊಟ್ಟಿದ್ದಾರೆ.)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮುಂದೆ ನಿಂತವನು, ಇವತ್ತಿಗೂ ಅಲ್ಲೇ ನಿಂತಿದ್ದೇನೆ. ಟ್ರೆಡಲ್ ಹೋಗಿ ಆಫ್‌ಸೆಟ್ ಬಂತು, ಪಕ್ಕದಲ್ಲಿ ಒಂದು ಫ್ಲೆಕ್ಸ್ ಯಂತ್ರ ಬಂತು, ಅಷ್ಟೇ ವ್ಯತ್ಯಾಸ. ಮದುವೆ ಕಾಗದ, ಅಡಿಕೆ ವ್ಯಾಪಾರದವರ ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರ ಹ್ಯಾಂಡ್‌ಬಿಲ್ಲು. ಇದೇ ನನ್ನ ಬದುಕು. ಅಂದರೆ ಮಸಿಯೇ ನನಗೆ ಅನ್ನ. ಆದ್ದರಿಂದ ಮಸಿಯ ಬಗ್ಗೆ ಮಾತಾಡುವ ಹಕ್ಕು ನನಗೆ ಒಂದು ಹಿಡಿ ಜಾಸ್ತಿಯೇ ಇದೆ ಅಂದುಕೊಂಡಿದ್ದೇನೆ.

ದೀಪಾವಳಿಗೆಂದು ಬೆಂಗಳೂರು, ದಾವಣಗೆರೆ, ಶಿವಮೊಗ್ಗದಿಂದ ಊರಿಗೆ ಬಂದ ಹುಡುಗರೇ ಈ ಸಭೆಯಲ್ಲಿ ಹೆಚ್ಚಿದ್ದೀರಿ. ಕತ್ತಿನಲ್ಲಿ ಹಳದಿ ಕೆಂಪು ಶಾಲು ನೋಡಿ ಎದೆ ತುಂಬುತ್ತದೆ. ಆದರೆ ಆ ಶಾಲು ನೋಡಿದಾಗಲೆಲ್ಲ ನನಗೆ ಇನ್ನೊಬ್ಬ ಹುಡುಗ ನೆನಪಾಗುತ್ತಾನೆ. ಹೆಸರು ಬೇಡ. ನಮ್ಮ ಕಡೆಯವನೇ, ಐಟಿಐ ಓದಿದವನು. 2024ರ ಮಳೆಗಾಲದಲ್ಲಿ ಒಂದು ನಗರದಲ್ಲಿ ನಾಲ್ಕು ಜನರ ಜೊತೆ ಹೋಗಿ ಒಂದು ಅಂಗಡಿಯ ಇಂಗ್ಲಿಷ್ ಫಲಕಕ್ಕೆ ಕಲ್ಲು ಹೊಡೆದ. ಫಲಕದ ಗಾಜು ಒಡೆಯಿತು, ಕೇಸಾಯಿತು. ಜೊತೆಗಿದ್ದ ಮುಖಂಡ ಫೋನ್ ಎತ್ತಲಿಲ್ಲ. ಕೆಲವು ತಿಂಗಳಾದ ಮೇಲೆ ಅವನ ತಾಯಿ ದೋಷಾರೋಪಣ ಪಟ್ಟಿ ಹಿಡಿದುಕೊಂಡು ಜೆರಾಕ್ಸ್ ಮಾಡಿಸಲು ನನ್ನ ಪ್ರೆಸ್ಸಿಗೆ ಬಂದಳು. "ಅಣ್ಣಾ, ಮೂರು ಸೆಟ್ ಬೇಕಂತೆ, ಎಷ್ಟಾಗ್ತದೆ?" ಅಂದಳು. ನಾನು ಕಾಸು ತೆಗೆದುಕೊಳ್ಳಲಿಲ್ಲ. ಒಂದೊಂದೇ ಹಾಳೆ ಯಂತ್ರದ ಮೇಲೆ ಇಡುತ್ತಾ ಓದಿದೆ. ಒಂದು ಕಾರ್ಖಾನೆಯ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಆಗಬೇಕಿತ್ತು, ಅದು ಅಲ್ಲೇ ನಿಂತಿತು. ಆ ಅಂಗಡಿ? ಗಾಜು ಹೊಸದು ಹಾಕಿಸಿತು. ಫಲಕ ಅದೇ ಇಂಗ್ಲಿಷಿನಲ್ಲಿ ಲಕಲಕ ಹೊಳೆಯುತ್ತಿದೆ!

ಆ ಹೊತ್ತಿಗೆ ಕಾನೂನು ಬಂದಾಗಿತ್ತು, ಬಂಧುಗಳೇ. ಅದೇ ನನ್ನ ಹೊಟ್ಟೆಯುರಿ. ಒಂದು ಬಿಳಿ ಹಾಳೆಯಲ್ಲಿ ಆಗಬೇಕಾದ ಕೆಲಸಕ್ಕೆ ಅವನು ಕಲ್ಲು ಎತ್ತಿಕೊಂಡ. ಮಹಾನಗರಪಾಲಿಕೆ ಅಂದರೆ ಏನು, ಅದಕ್ಕೆ ಯಾವ ಅಧಿಕಾರ ಉಂಟು, ಯಾವುದು ಇಲ್ಲ ಅನ್ನುವುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಇವತ್ತು ನಿಮಗೆ ಅದನ್ನೇ ಹೇಳಲು ನಿಂತಿದ್ದೇನೆ. ವಕೀಲರ ಮಾತಲ್ಲ, ಅಚ್ಚು ಹಾಕುವವನ ಮಾತು.

ನಮ್ಮ ಜಿಲ್ಲೆಯನ್ನೇ ನೋಡಿ. ನಲ್ಲೂರಿಗೆ ಗ್ರಾಮ ಪಂಚಾಯಿತಿ, ಜಗಳೂರಿಗೆ ಪಟ್ಟಣ ಪಂಚಾಯಿತಿ, ಚನ್ನಗಿರಿಗೆ ಪುರಸಭೆ, ಹರಿಹರಕ್ಕೆ ನಗರಸಭೆ, ದಾವಣಗೆರೆಗೆ 2007ರಿಂದ ಮಹಾನಗರಪಾಲಿಕೆ. ನಮ್ಮೂರಿನ ಪಂಚಾಯಿತಿ ನಡೆಯುವುದು 1993ರ ಪಂಚಾಯತ್ ರಾಜ್ ಕಾಯ್ದೆಯ ಮೇಲೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ. ಪಾಲಿಕೆಗಳಿಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ. ಬೆಂಗಳೂರಿನ ಕಥೆ ಬೇರೆ. ಅಲ್ಲಿ ಬಿಬಿಎಂಪಿ ಈಗ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಅದರ ಸದಸ್ಯರ ಅವಧಿ ಮುಗಿಯಿತು, ಆಮೇಲೆ ಚುನಾವಣೆಯನ್ನೇ ಕಾಣದೆ ಐದು ವರ್ಷ ಅಧಿಕಾರಿಗಳ ಕೈಯಲ್ಲಿದ್ದು, 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಕೋಟಿಗೂ ಮೀರಿದ ಜನರಿರುವ ಊರಿಗೆ ಐದು ವರ್ಷ ಒಬ್ಬ ಕಾರ್ಪೊರೇಟರ್ ಇರಲಿಲ್ಲ! ನಮ್ಮ ನಲ್ಲೂರಿನ ಪಂಚಾಯಿತಿಗೆ ಹಾಗೆ ಮಾಡಿದ್ದರೆ ಜನ ಕಟ್ಟೆ ಮೇಲೆ ಕೂತು ಮಾನ ಕಳೆಯುತ್ತಿದ್ದರು.

1993ರ ಜೂನ್ 1ರಿಂದ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಪಾಲಿಕೆಗಳಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. 12ನೇ ಅನುಸೂಚಿಯಲ್ಲಿ 18 ವಿಷಯಗಳ ಪಟ್ಟಿ ಇದೆ: ನೀರು, ರಸ್ತೆ, ಕಸ, ಸ್ಮಶಾನ, ಬೀದಿದೀಪ, ಜನನ ಮರಣ ನೋಂದಣಿ, ಹೀಗೆ. ಆದರೆ 243 ಡಬ್ಲ್ಯೂ ವಿಧಿಯನ್ನು ಸರಿಯಾಗಿ ಓದಿ. ರಾಜ್ಯದ ಶಾಸಕಾಂಗ ಕಾನೂನು ಮಾಡಿ ಅಧಿಕಾರ ಕೊಡಬಹುದು ಎಂದಿದೆ. ಕೊಡಲೇಬೇಕು ಎಂದಿಲ್ಲ. ಹಾಗಾಗಿ ಪಾಲಿಕೆಯ ಅಧಿಕಾರ ಎಷ್ಟು ಅಂದರೆ ಕಾಯ್ದೆ ಅಳೆದು ಕೊಟ್ಟಷ್ಟು. 1976ರ ಕಾಯ್ದೆಯ 58ನೇ ಕಲಂ ಕಡ್ಡಾಯ ಕೆಲಸಗಳದ್ದು, 59ನೇ ಕಲಂ ಮಾಡಬಹುದಾದ ಕೆಲಸಗಳದ್ದು. ಅಂಗಡಿ ಮುಂಗಟ್ಟುಗಳಿಗೆ ಉದ್ದಿಮೆ ಪರವಾನಗಿ ಕೊಡುವುದು 353ನೇ ಕಲಂ. ಷರತ್ತು ಮುರಿದರೆ ಆಯುಕ್ತರು ಪರವಾನಗಿಯನ್ನು ಅಮಾನತು ಮಾಡಲು, ರದ್ದು ಮಾಡಲು 443ನೇ ಕಲಂ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಚುನಾವಣೆಯ ಕರಪತ್ರದ ಕೆಳಗೆ ಅಚ್ಚು ಹಾಕಿದವನ ಹೆಸರು, ವಿಳಾಸ ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ. ಇಲ್ಲದಿದ್ದರೆ ಆರು ತಿಂಗಳವರೆಗೆ ಸಜೆ. ಅದಕ್ಕೇ ನಾನು ಯಾವ ಕಾಗದ ಕಂಡರೂ ಮೊದಲು ಅದರ ಕೆಳತುದಿ ನೋಡುತ್ತೇನೆ. ಸರ್ಕಾರಿ ಆದೇಶಕ್ಕೆ ಹಾಗೆ ಮೇಲ್ತುದಿ ನೋಡಬೇಕು: "ಓದಲಾಗಿದೆ" ಎಂದು ಬರೆದು ಯಾವ ಕಾಯ್ದೆ, ಯಾವ ಕಲಂ ಎಂದು ಹಾಕಿರುತ್ತಾರೆ. ಕಲಂ ಇಲ್ಲದ ಆದೇಶ, ಪ್ರೆಸ್ಸಿನ ಹೆಸರಿಲ್ಲದ ಹ್ಯಾಂಡ್‌ಬಿಲ್ಲು, ಎರಡೂ ಒಂದೇ ಜಾತಿ.

ಈಗ ಬೆಳಗಾವಿಗೆ ಬನ್ನಿ. ನಿಮಗೆಲ್ಲ ಗೊತ್ತಿರುವ ಕಥೆ, ಆದರೆ ಅರ್ಧ ಮಾತ್ರ ಗೊತ್ತಿರುವ ಕಥೆ. 2005ರ ಅಕ್ಟೋಬರಿನಲ್ಲಿ ಅಲ್ಲಿನ ಮಹಾನಗರಪಾಲಿಕೆಯ ಸಭೆ, ಗಡಿಭಾಗ ಮಹಾರಾಷ್ಟ್ರಕ್ಕೆ ಸೇರಬೇಕೆಂದು ನಿರ್ಣಯ ಮಾಡಿತು. ಚರಂಡಿ, ಬೀದಿದೀಪ ನೋಡಿಕೊಳ್ಳಲು ಕೂತ ಸಭೆ ರಾಜ್ಯದ ಗಡಿ ಅಳೆಯಲು ಹೊರಟಿತು! ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಲ್ಲಿ ಸಂಸತ್ತಿಗೆ ಮಾತ್ರ ಇದೆ. ಪಾಲಿಕೆಗೂ ಇಲ್ಲ, ವಿಧಾನಸಭೆಗೂ ಇಲ್ಲ. ಆ ನವೆಂಬರಿನಲ್ಲಿ ಬೆಂಗಳೂರಿಗೆ ಬಂದಿದ್ದ ಮೇಯರ್ ಮುಖಕ್ಕೆ ಕನ್ನಡ ಕಾರ್ಯಕರ್ತರು ಮಸಿ ಬಳಿದರು. ದೇಶದ ಪತ್ರಿಕೆಗಳಲ್ಲೆಲ್ಲ ಫೋಟೋ ಬಂತು. ನಾನೂ ಆಗ ಇಪ್ಪತ್ತು ದಾಟಿದ ಹುಡುಗ, ಪೇಪರ್ ಹಿಡಿದು ಕುಣಿದವನೇ. ಆದರೆ ಆ ಪಾಲಿಕೆಯ ಸಭೆಯನ್ನು ಕುರ್ಚಿಯಿಂದ ಇಳಿಸಿದ್ದು ಯಾವುದು? ಅದೇ ತಿಂಗಳು ಸರ್ಕಾರ ಪಾಲಿಕೆಯನ್ನು ವಿಸರ್ಜನೆ ಮಾಡಿತು. ಅಂಥ ಅಧಿಕಾರ ಕಾಯ್ದೆಯ 99ನೇ ಕಲಮಿನಲ್ಲಿದೆ. ಅದಕ್ಕೂ ಮೊದಲು ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕೆಂದು ಸಂವಿಧಾನವೇ ಹೇಳುತ್ತದೆ. 2011ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಅದೇ ಪಾಲಿಕೆ ವಿಸರ್ಜನೆಯಾಯಿತು. ಅಲ್ಲೂ ಕೆಲಸ ಮಾಡಿದ್ದು ಕಾಗದವೇ. ಮಸಿ ಬಳಿದವರ ಮೇಲೆ ಕೇಸು ನಡೆಯಿತು.

ಬೆಳಗಾವಿಯಲ್ಲಿ ಪಾಲಿಕೆ ತನ್ನ ಎಲ್ಲೆ ಮೀರಿತು ಎಂದು ನಾವು ಕೂಗಿದೆವು, ಸರಿಯಾಗಿಯೇ ಕೂಗಿದೆವು. ಹಾಗಾದರೆ ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಪಾಲಿಕೆ ಕನ್ನಡದ ಪರವಾಗಿಯೇ ಎಲ್ಲೆ ಮೀರಿದರೆ? ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ ಆಗುತ್ತದೆಯೇ? ಆಗುವುದಿಲ್ಲ. ಆಗಲಿಲ್ಲ ಕೂಡ.

ನಾಮಫಲಕದ ಕಥೆ ಕೇಳಿ. ನಮ್ಮ ರಾಜ್ಯದಲ್ಲಿ ಅಂಗಡಿಗಳ ಫಲಕ ಕನ್ನಡದಲ್ಲಿ ಎದ್ದು ಕಾಣಬೇಕು ಎನ್ನುವ ನಿಯಮ ಬಹಳ ಹಿಂದೆಯೇ ಇತ್ತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನಿಯಮಾವಳಿಯ 24ಎ ನಿಯಮ. ಒಂದು ದೊಡ್ಡ ಕಂಪನಿ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ಮೂಲ ಕಾಯ್ದೆಯನ್ನು ತೆರೆದು ನೋಡಿತು. 1961ರ ಆ ಕಾಯ್ದೆ ಇರುವುದು ಕೆಲಸಗಾರರ ದುಡಿಮೆಯ ಹೊತ್ತು, ವಾರದ ರಜೆ, ಸಂಬಳದ ವಿಚಾರಕ್ಕೆ. ಫಲಕದ ಭಾಷೆ ಹೇಳುವ ಅಧಿಕಾರ ಅದರಲ್ಲಿ ಎಲ್ಲಿದೆ ಎಂದು ಕೇಳಿತು. ಇರಲಿಲ್ಲ. ನಿಯಮ ಬಿತ್ತು! ಕನ್ನಡ ಬೇಡ ಎಂದು ಬೀಳಲಿಲ್ಲ. ತಾಯಿಬೇರು ಇಲ್ಲದ ಗಿಡ ಎಂದು ಬಿತ್ತು. ಆಮೇಲೆ 2019ರಲ್ಲಿ ಬೆಂಗಳೂರಿನ ಪಾಲಿಕೆ, ನವೆಂಬರ್ 1ರೊಳಗೆ ಫಲಕದಲ್ಲಿ ಶೇಕಡ 60 ಕನ್ನಡ ಇರದಿದ್ದರೆ ಪರವಾನಗಿ ರದ್ದು ಎಂದು ಗಡುವು ಹಾಕಿತು. ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬಂತು. ಗಡುವು ಮುಗಿಯಿತು, ಫಲಕಗಳು ಇದ್ದಲ್ಲೇ ಇದ್ದವು. ನಾವು ಅಧಿಕಾರಿಗಳನ್ನು ನಿರಭಿಮಾನಿಗಳೆಂದು ಬೈದೆವು. ಕಾಯ್ದೆ ಮಾಡದೆ ಕೂತ ವಿಧಾನಸೌಧವನ್ನು ಬೈಯಬೇಕಿತ್ತು.

ಪಕ್ಕದ ಮಹಾರಾಷ್ಟ್ರದವರು ಏನು ಮಾಡಿದರು ನೋಡಿ. ಅವರ ಗಡಿ ತಕರಾರು ನಮಗೆ ಬೇಡ, ಆದರೆ ಜಾಣತನ ಯಾರಲ್ಲಿದ್ದರೂ ಕಲಿಯಬೇಕು. 2022ರಲ್ಲಿ ಅವರು ಮೂಲ ಕಾಯ್ದೆಗೇ ತಿದ್ದುಪಡಿ ತಂದು ಮರಾಠಿ ಫಲಕ ಕಡ್ಡಾಯ ಮಾಡಿದರು. ವ್ಯಾಪಾರಿಗಳು ಮುಂಬಯಿ ಹೈಕೋರ್ಟಿಗೆ ಹೋಗಿ 25 ಸಾವಿರ ರೂಪಾಯಿ ದಂಡ ಕಟ್ಟಿಸಿಕೊಂಡು ಬಂದರು. ಸುಪ್ರೀಂ ಕೋರ್ಟಿಗೆ ಹೋದರು. 2023ರ ಸೆಪ್ಟೆಂಬರಿನಲ್ಲಿ ಆ ನ್ಯಾಯಾಲಯ, ಎರಡು ತಿಂಗಳಲ್ಲಿ ಮರಾಠಿ ಫಲಕ ಹಾಕಿ ಎಂದಿತು. ಗಡುವು ಮುಗಿದ ಮೇಲೆ ಮುಂಬಯಿ ಪಾಲಿಕೆಯವರು ಪಟ್ಟಿ ಹಿಡಿದು ಅಂಗಡಿ ಅಂಗಡಿಗೆ ಹೋದರು.

ನಮ್ಮಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಬಂತು, 2023ರಲ್ಲಿ ಜಾರಿಯಾಯಿತು. ಆ ವರ್ಷದ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ದೊಡ್ಡ ಹೋರಾಟ ನಡೆಯಿತು, ಫಲಕಗಳು ಒಡೆದವು, ಕಾರ್ಯಕರ್ತರು ಜೈಲಿಗೆ ಹೋದರು. ಆ ಹೋರಾಟದ ಕಾವು ಇಲ್ಲದಿದ್ದರೆ ಸರ್ಕಾರ ಅಷ್ಟು ಬೇಗ ಎಚ್ಚರವಾಗುತ್ತಿರಲಿಲ್ಲ ಎನ್ನುವುದನ್ನು ನಾನು ಒಪ್ಪುತ್ತೇನೆ. ಬೀದಿಗೆ ಇಳಿದವರನ್ನು ಹಗುರ ಮಾಡುವವನು ನಾನಲ್ಲ. ಆಮೇಲೆ ಸರ್ಕಾರ ಸುಗ್ರೀವಾಜ್ಞೆ ಮಾಡಿತು, ರಾಜ್ಯಪಾಲರು ಸದನದಲ್ಲೇ ಮಾಡಿ ಎಂದು ವಾಪಸು ಕಳಿಸಿದರು, 2024ರ ಫೆಬ್ರವರಿಯಲ್ಲಿ ವಿಧೇಯಕ ಸದನದಲ್ಲಿ ಪಾಸಾಯಿತು. ಈಗ 17ನೇ ಕಲಮಿನ 6ನೇ ಉಪಕಲಂ ಹೇಳುವುದು ಇಷ್ಟು: ಸರ್ಕಾರದ ಅಥವಾ ಸ್ಥಳೀಯ ಪ್ರಾಧಿಕಾರದ ಮಂಜೂರಾತಿ ಪಡೆದ ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಹೋಟೆಲು, ಪ್ರಯೋಗಾಲಯ, ಯಾವುದೇ ಇರಲಿ, ಫಲಕದಲ್ಲಿ ಶೇಕಡ 60 ಕನ್ನಡ, ಅದೂ ಫಲಕದ ಮೇಲ್ಭಾಗದಲ್ಲಿ. ತಪ್ಪಿದರೆ ದಂಡ: ಮೊದಲ ಸಲ 5,000 ರೂಪಾಯಿವರೆಗೆ, ಎರಡನೇ ಸಲ 10,000, ಆಮೇಲೆ 20,000, ಜೊತೆಗೆ ಪರವಾನಗಿ ರದ್ದು. ಸ್ಥಳೀಯ ಪ್ರಾಧಿಕಾರ ಅಂದರೆ ಪಾಲಿಕೆ ಮಾತ್ರವಲ್ಲ, ನಮ್ಮ ನಲ್ಲೂರಿನ ಪಂಚಾಯಿತಿಯೂ ಬಂತು.

ಇಲ್ಲಿ ನನ್ನ ಮಾನವನ್ನೂ ಸ್ವಲ್ಪ ಹರಾಜು ಹಾಕಿಕೊಳ್ಳುತ್ತೇನೆ. ಈ ಕಾನೂನು ಬಂದ ಹೊಸದರಲ್ಲಿ ಪ್ರೆಸ್ಸಿನಲ್ಲಿ ಕೂತು ದೊಡ್ಡದಾಗಿ ಮಾತಾಡುತ್ತಿದ್ದೆ. ಹೈಸ್ಕೂಲಿನ ಒಬ್ಬ ಹುಡುಗ ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಬಂದವನು, "ಮಾಮ, ನಿಮ್ಮ ಬೋರ್ಡು ಅಳೀಲಾ?" ಅಂದ. ಅಡಿಕೋಲು ಕೊಟ್ಟೆ. ಕನ್ನಡ ಶೇಕಡ 40 ಕೂಡ ಬರಲಿಲ್ಲ! ಆಫ್‌ಸೆಟ್, ಫ್ಲೆಕ್ಸ್, ಲ್ಯಾಮಿನೇಷನ್ ಎಲ್ಲ ಇಂಗ್ಲಿಷಿನಲ್ಲಿ ದಪ್ಪಗೆ, ಕನ್ನಡ ಮೂಲೆಯಲ್ಲಿ. ಅಪ್ಪನ ಕಾಲದ ತಗಡಿನ ಬೋರ್ಡು ಪೂರ್ತಿ ಕನ್ನಡದಲ್ಲಿತ್ತು, ಅದನ್ನು ತೆಗೆದು ಗುಜರಿಗೆ ಹಾಕಿದವನು ನಾನೇ. ಅದೇ ವಾರ ಹೊಸ ಫಲಕ ಮಾಡಿದೆ. ನನ್ನದೇ ಯಂತ್ರ, ಖರ್ಚು ಹೆಚ್ಚಾಗಲಿಲ್ಲ, ನಾಚಿಕೆ ಮಾತ್ರ ಹೆಚ್ಚಾಯಿತು.

ಇನ್ನು ಪಾಲಿಕೆಯ ಕೈಗೆ ಸಿಗದ ಸಂಗತಿಗಳು. ರೈಲ್ವೆ ನಿಲ್ದಾಣದ ಫಲಕ ಪಾಲಿಕೆಯದ್ದಲ್ಲ. ಬ್ಯಾಂಕಿನ ಚಲನ್ ಪಾಲಿಕೆಯದ್ದಲ್ಲ. ಕೇಂದ್ರ ಸರ್ಕಾರದ ಕಟ್ಟಡಕ್ಕೆ ಪಾಲಿಕೆ ಆಸ್ತಿ ತೆರಿಗೆಯನ್ನೇ ಹಾಕುವಂತಿಲ್ಲ, 285ನೇ ವಿಧಿ ಅಡ್ಡ ನಿಂತಿದೆ. ಆ ಹೋರಾಟ ಬೇರೆ ಬಾಗಿಲಿನದ್ದು, ಅಲ್ಲಿಗೆ ಹೋಗಿ. ಪಾಲಿಕೆಯ ಆರೋಗ್ಯ ನಿರೀಕ್ಷಕನ ಕೊರಳಪಟ್ಟಿ ಹಿಡಿದು ಬ್ಯಾಂಕಿನಲ್ಲಿ ಕನ್ನಡ ಯಾಕಿಲ್ಲ ಎಂದರೆ ಆ ಮನುಷ್ಯ ತಾನೇ ಏನು ಮಾಡಿಯಾನು?

ಇನ್ನೊಂದು ಮಾತು, ಇದು ಕೆಲವರಿಗೆ ಕಹಿಯಾದೀತು. ಕಾನೂನು ಹೇಳುವುದು ಕನ್ನಡ ಮೇಲೆ, ಕನ್ನಡ ದೊಡ್ಡದು ಎಂದು. ಉಳಿದ ಜಾಗದಲ್ಲಿ ಇನ್ನೊಂದು ಭಾಷೆ ಇರಬಾರದೆಂದು ಹೇಳಿಲ್ಲ. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರು ಪುರಸಭೆಯ ಫಲಕದಲ್ಲಿ ಮರಾಠಿಯ ಜೊತೆ ಉರ್ದು ಇತ್ತು. ಅದನ್ನು ತೆಗೆಸಬೇಕೆಂದು ಮಾಜಿ ಸದಸ್ಯೆಯೊಬ್ಬರು ಸುಪ್ರೀಂ ಕೋರ್ಟಿನವರೆಗೂ ಹೋದರು. 2025ರ ಏಪ್ರಿಲ್ 15ರಂದು ನ್ಯಾಯಾಲಯ ಆಗುವುದಿಲ್ಲ ಎಂದಿತು. ರಾಜ್ಯದ ಭಾಷೆಯ ಜೊತೆಗೆ ಇನ್ನೊಂದು ಭಾಷೆ ಬರೆದರೆ ತಪ್ಪಿಲ್ಲ ಎಂದಿತು. ಕೆಲವು ಗೆಳೆಯರು ಮುಖ ಸಿಂಡರಿಸಿದರು. ನಾನು ಕೇಳಿದೆ: ಕಾಸರಗೋಡಿನ ಪೇಟೆಯಲ್ಲಿ ಮಲಯಾಳದ ಪಕ್ಕ ಕನ್ನಡ ಬರೆಯಿರಿ ಎಂದು ನಮ್ಮವರು ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ? ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗನಿಗೆ ಇಂಥದೊಂದು ತೀರ್ಪು ಆಸರೆಯಾಗುವುದಿಲ್ಲವೇ? ಮುಖ ಸಿಂಡರಿಸಿದವರು ಆಮೇಲೆ ಮಾತಾಡಲಿಲ್ಲ.

ಸರಿ, ದಾರಿ ಏನು? ನನಗೆ ಆದದ್ದನ್ನೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ನಗರದಲ್ಲಿ ಸಣ್ಣದೊಂದು ಜೆರಾಕ್ಸ್, ಸ್ಕ್ರೀನ್ ಪ್ರಿಂಟಿಂಗ್ ಮಳಿಗೆ ಹಾಕಿದ್ದೆ. ಪರವಾನಗಿ ನವೀಕರಿಸಿ ಎಂದು ನೋಟಿಸು ಬಂತು, ಪೂರ್ತಿ ಇಂಗ್ಲಿಷಿನಲ್ಲಿ! ಸ್ಥಳೀಯ ಸಂಸ್ಥೆಗಳ ಆಡಳಿತ ಕನ್ನಡದಲ್ಲಿ ಇರಬೇಕೆಂದು 1981ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿದ ರಾಜ್ಯ ಇದು. ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತರು "ಕಂಪ್ಯೂಟರಿನಲ್ಲಿ ಹಾಗೇ ಬರ್ತದೆ ಕಣ್ರೀ" ಅಂದರು. ಜಗಳ ಆಡಬಹುದಿತ್ತು. ಆಡಲಿಲ್ಲ. ಎರಡು ಪ್ರತಿ ಅರ್ಜಿ ಬರೆದೆ. ಒಂದನ್ನು ಟಪಾಲಿನಲ್ಲಿ ಕೊಟ್ಟು, ಇನ್ನೊಂದಕ್ಕೆ ಮೊಹರು, ತಾರೀಕು ಹಾಕಿಸಿಕೊಂಡೆ. ಉತ್ತರ ಇಲ್ಲ. ಒಂದು ತಿಂಗಳಾದ ಮೇಲೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕೇಳಿದೆ: ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ, ಇಂಗ್ಲಿಷಿನಲ್ಲಿ ನೋಟಿಸು ಕಳಿಸಲು ಇರುವ ಆದೇಶದ ಪ್ರತಿ ಕೊಡಿ. ಅಂಥ ಆದೇಶ ಇದ್ದರಲ್ಲವೇ ಕೊಡುವುದು! ಮೂರನೇ ತಿಂಗಳಿಗೆ ಕನ್ನಡದ ನೋಟಿಸು ಮನೆ ಬಾಗಿಲಿಗೆ ಬಂತು. ಅಕ್ಷರದೋಷ ಏಳು ಇದ್ದವು. ಕರಡು ತಿದ್ದುವ ಅಭ್ಯಾಸ, ಕೆಂಪು ಪೆನ್ನಿನಲ್ಲಿ ತಿದ್ದಿ ಅದನ್ನೂ ವಾಪಸು ಕೊಟ್ಟು ಬಂದೆ.

ಹೀಗೆ ಮಾಡಿ. ನಿಮ್ಮ ಬೀದಿಯಲ್ಲಿ ಕನ್ನಡವಿಲ್ಲದ ಫಲಕ ಕಂಡರೆ ಮುಟ್ಟಬೇಡಿ. ಫೋಟೋ ತೆಗೆಯಿರಿ, ತಾರೀಕು ಬರೆದುಕೊಳ್ಳಿ. ಪಾಲಿಕೆಯಾದರೆ ಆಯುಕ್ತರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ, ಹಳ್ಳಿಯಾದರೆ ಪಿಡಿಒಗೆ ಅರ್ಜಿ. ಅದರಲ್ಲಿ ಇಷ್ಟಿದ್ದರೆ ಸಾಕು:

"ಈ ಕೆಳಗಿನ ವಿಳಾಸದ ಅಂಗಡಿಯ ನಾಮಫಲಕವು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರ 17ನೇ ಕಲಮಿನ 6ನೇ ಉಪಕಲಮಿಗೆ ಅನುಗುಣವಾಗಿಲ್ಲ. ಫೋಟೋ ಲಗತ್ತಿಸಿದೆ. ಕಾನೂನಿನಂತೆ ನೋಟಿಸು ನೀಡಿ ಕ್ರಮ ಕೈಗೊಂಡು, ಕೈಗೊಂಡ ಕ್ರಮದ ಬಗ್ಗೆ ನನಗೆ ಲಿಖಿತ ಹಿಂಬರಹ ನೀಡಬೇಕಾಗಿ ವಿನಂತಿ."

ಹಿಂಬರಹ ಎನ್ನುವ ಶಬ್ದ ಬಿಡಬೇಡಿ. ಕಚೇರಿಯವರು ಬಾಯಿಮಾತಿಗೆ ಹೆದರುವುದಿಲ್ಲ, ಹಿಂಬರಹಕ್ಕೆ ಹೆದರುತ್ತಾರೆ, ಯಾಕೆಂದರೆ ಅದಕ್ಕೆ ಸಹಿ ಹಾಕಬೇಕು. ನೋಟಿಸು ನೀಡಿ ಎನ್ನುವ ಮಾತನ್ನೂ ಬಿಡಬೇಡಿ. ಅಂಗಡಿಯವನಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ಬೀಗ ಹಾಕಿದರೆ ಅವನು ನ್ಯಾಯಾಲಯಕ್ಕೆ ಹೋಗಿ ಗೆದ್ದು ಬರುತ್ತಾನೆ. ಮುಂಬಯಿಯ ಫುಟ್‌ಪಾತ್ ಜನರ ಮೊಕದ್ದಮೆಯಲ್ಲಿ 1985ರಲ್ಲೇ ಸುಪ್ರೀಂ ಕೋರ್ಟು ಪಾಲಿಕೆಗಳಿಗೆ ಇದನ್ನು ಕಲಿಸಿದೆ. 2024ರ ನವೆಂಬರಿನಲ್ಲಿ, ಮನೆ ಕೆಡವುವ ಮೊದಲು 15 ದಿನದ ನೋಟಿಸು ಕೊಡಬೇಕೆಂದು ಮತ್ತೆ ಕಿವಿ ಹಿಂಡಿದೆ. ಆ ನೋಟಿಸಿನ ರಕ್ಷಣೆ ನಾಳೆ ನಿಮ್ಮ ಅಪ್ಪನ ಕಿರಾಣಿ ಅಂಗಡಿಗೂ ಬೇಕಾಗುತ್ತದೆ.

ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರನ್ನು ನೆನೆಯದೆ ಈ ಮಾತು ಮುಗಿಸಲಾರೆ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಅವರು ಅಲ್ಲಿ ಮೈಕು ಕಿತ್ತು ಎಸೆಯಲಿಲ್ಲ. ಹಿಂದಿ, ಇಂಗ್ಲಿಷ್ ಬಾರದವನು ಸಭಾಧ್ಯಕ್ಷರ ಅನುಮತಿ ಪಡೆದು ತಾಯ್ನುಡಿಯಲ್ಲಿ ಮಾತಾಡಲು 120ನೇ ವಿಧಿಯಲ್ಲಿ ಬಾಗಿಲು ಇದೆ. ಅಷ್ಟು ಇಂಗ್ಲಿಷ್ ಬಲ್ಲ ಪಟೇಲರು ಆ ಬಾಗಿಲನ್ನೇ ತೆರೆಸಿಕೊಂಡು ಒಳಗೆ ಹೋದ ಚಂದ ನೋಡಿ! ಮುಂದೆ 1997ರಲ್ಲಿ ನಮ್ಮನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದವರೂ ಅವರೇ, ಅದರ ಬಗ್ಗೆ ನಮ್ಮಪ್ಪನಿಗೆ ಕೊನೆಯವರೆಗೂ ತಕರಾರಿತ್ತು, ಅದು ಬೇರೆ ವಿಷಯ.

ನಾನು ಹೇಳಿದ ಅರ್ಜಿಯ ನಮೂನೆಯನ್ನು 500 ಪ್ರತಿ ಅಚ್ಚು ಹಾಕಿ ತಂದಿದ್ದೇನೆ, ಬಾಗಿಲ ಹತ್ತಿರ ಮೇಜಿನ ಮೇಲಿದೆ. ಅಂಗಡಿಯ ಹೆಸರು, ವಿಳಾಸ, ನಿಮ್ಮ ಸಹಿಗೆ ಜಾಗ ಬಿಟ್ಟಿದೆ. ಒಬ್ಬೊಬ್ಬರು ಎರಡೆರಡು ತೆಗೆದುಕೊಳ್ಳಿ, ಒಂದು ಕಚೇರಿಗೆ, ಒಂದು ಮೊಹರು ಹಾಕಿಸಿ ನೀವು ಇಟ್ಟುಕೊಳ್ಳಲು. ಆ ಹುಡುಗನ ತಾಯಿಯೂ ಒಂದು ಕಟ್ಟು ಒಯ್ದಿದ್ದಾಳೆ. ಅವನ ಮುಂದಿನ ವಾಯಿದೆ ಡಿಸೆಂಬರಿನಲ್ಲಿದೆ. ಆ ದಿನ ಕೋರ್ಟಿಗೆ ಹೋದಾಗ ಪಕ್ಕದ ಪಾಲಿಕೆಯ ಟಪಾಲಿನಲ್ಲಿ, ಅದೇ ಅಂಗಡಿಯ ಮೇಲೆ, ಒಂದು ಅರ್ಜಿ ಕೊಟ್ಟು ಬರುತ್ತಾನಂತೆ. ಹಾಳೆಯ ಕೆಳತುದಿಯಲ್ಲಿ ನನ್ನ ಪ್ರೆಸ್ಸಿನ ಹೆಸರು, ವಿಳಾಸ ಇದೆ. ಯಾರಾದರೂ ಕೇಳಿದರೆ ತೋರಿಸಿ.